ಅವ್ವನ ಕಡೆಯ ಮಂಕು

ಬೆಟ್ಟದಪುರದಿಂದ ಮೂರು ಮೈಲಿ ಆಚೆಗಿನ ಒಂದು ಊರಿನಲ್ಲಿ ಸರ್ವಮಂಗಳ ಹದಿನೈದು ವರ್ಷಗಳಿಂದ ಅಂಗನವಾಡಿ ನಡೆಸುತ್ತಿದ್ದಳು. ಗಂಡ ಚನ್ನಬಸವಣ್ಣ ಮಗನ ಜೊತೆ ಸೇರಿ ಹೊಗೆಸೊಪ್ಪು, ರಾಗಿ ನೋಡಿಕೊಳ್ಳುತ್ತಿದ್ದ. ಊರಿನವರಿಗೆಲ್ಲ ಆಕೆ ಟೀಚರಮ್ಮ. ಕೂಸುಗಳನ್ನು ತಕ್ಕಡಿಯ ಜೋಲಿಯಲ್ಲಿ ಕೂರಿಸಿ ತೂಗುತ್ತಿದ್ದಳು, ತೂಕ ಇಳಿದಿದ್ದರೆ ತಾಯಂದಿರನ್ನು ಗದರುತ್ತಿದ್ದಳು, ಬಸುರಿಯರ ಮನೆಗೆ ಹೋಗಿ ಸೂಜಿ ಹಾಕಿಸಿಕೊಂಡರೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. ಊರಿನ ಒಬ್ಬೊಬ್ಬರ ಮೈಯ ಹಾಲಹವಾಲೂ ಆಕೆಗೆ ಗೊತ್ತಿತ್ತು. ತನ್ನ ತವರಿನ ವಿಷಯವನ್ನು ಮಾತ್ರ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ.

ತವರು ಎಂದರೆ ಆಗ ಉಳಿದಿದ್ದವನು ತಮ್ಮ ಕಂಠಪ್ಪ ಒಬ್ಬನೇ. ಆಕೆಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಪಿರಿಯಾಪಟ್ಟಣದಲ್ಲಿ ಮನೆ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಕೆಲಸ. ಕಂಬದ ಮೇಲಿದ್ದಾಗಲೂ ಬಾಯಿ ಸುಮ್ಮನಿರದ ಆಸಾಮಿ. ಕೆಳಗೆ ಹೋಗುವವರನ್ನೆಲ್ಲ ಮೇಲಿನಿಂದಲೇ ಮಾತಾಡಿಸುವನು. ಯಾರ ಮನೆಯಲ್ಲಿ ಎಮ್ಮೆ ಕರು ಹಾಕಿದೆ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಎಲ್ಲ ಅವನಿಗೆ ಬೇಕು. ಬೆಟ್ಟದಪುರದ ಕಡೆ ಲೈನು ನೋಡಲು ಬಂದ ದಿನ ತನ್ನ ಮೊಪೆಡ್ ಅನ್ನು ಅಂಗನವಾಡಿಯ ಮುಂದೆ ನಿಲ್ಲಿಸಿ, "ಟೀಚರಮ್ಮ, ಉಪ್ಪಿಟ್ಟು ಉಳಿದದಾ?" ಎಂದು ಮಕ್ಕಳ ಸಾಲಿನಲ್ಲೇ ಕೂತುಬಿಡುವನು. ಮಕ್ಕಳು ಕೇಕೆ ಹಾಕುತ್ತಿದ್ದವು.

ತೊಂಬತ್ತೊಂಬತ್ತರ ಮಾಗಿಯಲ್ಲಿ, ಒಂದು ಬೆಳಗ್ಗೆ, ಡ್ಯೂಟಿಗೆ ಹೊರಟ ಕಂಠಪ್ಪನಿಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಎಡಗೈ ಎತ್ತಿದರೆ ಏಳದು. ಹೆಂಡತಿ ಸವಿತಾಳನ್ನು ಕರೆಯಲು ಬಾಯಿ ತೆರೆದರೆ ಮಾತು ತೊದಲಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಅವನಿಗೆ ಬೀಪಿ ಇದೆ ಎಂದು ಎರಡು ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರು. ತಲೆ ಸುತ್ತಿದ ದಿನ ಒಂದು ಮಾತ್ರೆ ನುಂಗಿ, ಸುತ್ತು ನಿಂತ ಮೇಲೆ ಬಿಟ್ಟುಬಿಡುತ್ತಿದ್ದ. ಅವನ ಜೊತೆಯ ಲೈನ್‌ಮನ್ ಚೆಲುವಯ್ಯ ಆಫೀಸಿನ ಜೀಪು ತಂದು, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೈಸೂರಿಗೆ ಓಡಿಸಿದ. ಲಕ್ವ ಹೊಡೆದಿದೆ ಎಂಬ ಸುದ್ದಿ ಸರ್ವಮಂಗಳನಿಗೆ ತಲುಪುವ ಹೊತ್ತಿಗೆ ಕಂಠಪ್ಪ ಆಸ್ಪತ್ರೆಯ ಮಂಚದ ಮೇಲಿದ್ದ.

ಪಕ್ಕದ ಮಂಚದಲ್ಲಿ ಕೆ.ಆರ್. ನಗರದ ಕಡೆಯ ಸಿದ್ದಮಲ್ಲಪ್ಪ ಎಂಬವರಿದ್ದರು. ಆಲೆಮನೆ ಇಟ್ಟುಕೊಂಡು ಬೆಲ್ಲ ಮಾಡಿಸುತ್ತಿದ್ದವರು. ಅವರಿಗೆ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತಿನಲ್ಲಿ ಉಳಿದಿದ್ದು ಒಂದೇ ಒಂದು ಪದ, 'ಸರಿ.' ನೀರು ಬೇಕಾದರೂ ಸರಿ, ನೋವಾದರೂ ಸರಿ, ಸೊಳ್ಳೆ ಕಚ್ಚಿದರೂ ಸರಿ. ತಮ್ಮ ಪಾಡಿಗೆ ತಾವೇ ನಗುತ್ತಿದ್ದರು. ಅವರ ಹೆಂಡತಿ ನಗುತ್ತಲೇ ಹೇಳಿದಳು: "ನಲವತ್ತು ವರ್ಸ ನಾನು ಏನ್ ಏಳುದ್ರೂ ಒಪ್ದೇ ಇದ್ದೋರು ಕಣಕ್ಕ. ಈಗ ನೋಡಿ, ಎಲ್ಲಕ್ಕೂ ಸರಿ."

ಕಂಠಪ್ಪನದು ಹಗುರವಾದ ಪೆಟ್ಟು, ಅದೃಷ್ಟವಂತ ಎಂದರು ಡಾಕ್ಟರು. ಮೂರು ವಾರಕ್ಕೆ ಮಾತು ತಿಳಿಯಾಯಿತು. ಎರಡು ತಿಂಗಳಿಗೆ ಕೈ ಏಳಲು ಶುರುವಾಯಿತು, ಗುಂಡಿ ತಾನೇ ಹಾಕಿಕೊಳ್ಳುವಷ್ಟಾಯಿತು. ಯುಗಾದಿ ಕಳೆದ ಮೇಲೆ ಕೆಲಸಕ್ಕೆ ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು.

ಕಂಠಪ್ಪ ಮನೆ ಬಿಟ್ಟು ಹೊರಡಲೇ ಇಲ್ಲ.

ನಡುಮನೆಯ ಕಂಬಕ್ಕೆ ಒರಗಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಕೇಳಿದ್ದಕ್ಕೆ ಹೂಂ, ಊಹೂಂ ಎರಡೇ ಉತ್ತರ. ಗಡ್ಡ ಬೆಳೆಯಿತು. ಎರಡು ತುತ್ತು ಮುದ್ದೆ ನುಂಗಿ ತಟ್ಟೆ ಸರಿಸಿಬಿಡುವನು. ನಿದ್ದೆ ನಸುಕಿಗೂ ಮೊದಲೇ ಬಿಟ್ಟುಹೋಗುತ್ತಿತ್ತು. ಮೊಪೆಡ್‌ನ ಸೀಟಿನ ಮೇಲೆ ಕೋಳಿ ಕೂರಲು ಕಲಿಯಿತು. ಹದಿನೆಂಟು ವರ್ಷದ ಮಗಳು ರಾಣಿ ಕಾಲೇಜಿನಿಂದ ಬಂದು, "ಅಪ್ಪಾಜಿ, ಇವತ್ತು ಏನಾಯ್ತು ಗೊತ್ತಾ?" ಎಂದು ಶುರು ಮಾಡಿ, ಅಪ್ಪನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದಳು.

ಮೊದಮೊದಲು ಅಯ್ಯೋ ಪಾಪ ಎನ್ನುತ್ತಿದ್ದ ನೆಂಟರಿಷ್ಟರ ಮಾತು ಆಷಾಢದ ಹೊತ್ತಿಗೆ ಬದಲಾಯಿತು. "ಕೈಕಾಲೆಲ್ಲ ಆಡ್ತವೆ, ಇನ್ನೇನ್ ಕಾಯ್ಲೆ? ಕೂತ್ಕಂಡು ರುಚಿ ಕಂಡವ್ನೆ ಬುಡು" ಎಂದು ಅವನಿಗೆ ಕೇಳುವಂತೆಯೇ ಆಡಿದರು. ಸವಿತಾ ಎಣ್ಣೆ ತಿಕ್ಕಿಸಿದಳು, ಯಂತ್ರ ಕಟ್ಟಿಸಿದಳು, ಹರಕೆ ಹೊತ್ತಳು. ಏನು ಮಾಡಿದರೂ ಆ ಮುಖ ಗೋಡೆಯಿಂದ ಈಚೆಗೆ ತಿರುಗಲಿಲ್ಲ.

ಅಂಥ ದಿನಗಳಲ್ಲೇ ಒಮ್ಮೆ ಸಿದ್ದಮಲ್ಲಪ್ಪನವರು ಹೆಂಡತಿಯನ್ನು ಕರೆದುಕೊಂಡು ಬಂದರು. ಕೆ.ಆರ್. ನಗರದಿಂದ ಹುಣಸೂರಿಗೆ, ಅಲ್ಲಿಂದ ಪಿರಿಯಾಪಟ್ಟಣಕ್ಕೆ, ಎರಡು ಬಸ್ಸು ಹತ್ತಿ ಇಳಿದಿದ್ದರು. ಬಲಗೈ ಸತ್ತಂತೆ ಜೋತಾಡುತ್ತಿತ್ತು, ಎಡಗೈಯಲ್ಲಿ ಕೋಲು. ಬೆಲ್ಲದ ಅಚ್ಚುಗಳ ಚೀಲ ಹೆಂಡತಿಯ ತಲೆಯ ಮೇಲೆ. ಕಂಠಪ್ಪನ ಎದುರು ಕೂತು, ಅವನ ಮೊಣಕಾಲು ತಟ್ಟಿ ತಟ್ಟಿ ಸರಿ, ಸರಿ ಎಂದು ನಕ್ಕರು. ಅವತ್ತು ತಮ್ಮನನ್ನು ನೋಡಿಹೋಗಲು ಬಂದಿದ್ದ ಸರ್ವಮಂಗಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಬಂದವರು ಹೋದ ಮೇಲೆ ಸವಿತಾಳ ತಾಳ್ಮೆ ತಪ್ಪಿತು. "ಅವ್ರಿಗೆ ಅರ್ಧ ಮೈಯೇ ಇಲ್ಲ, ಬಾಯೂ ಇಲ್ಲ. ಎಂಗವ್ರೆ ನೋಡುದ್ರಾ? ನಿಮಗೇನಾಗದೆ ಅಂತ ಇಂಗೆ ನಮ್ಮನ್ನ ಕೊಲ್ತೀರಿ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಂಠಪ್ಪ, "ನಂಗೂ ಗೊತ್ತಾಯ್ತಿಲ್ಲ ಕಣೆ" ಎಂದ. ಮತ್ತೆ ಗೋಡೆಯ ಕಡೆ ತಿರುಗಿದ. ಹೆಬ್ಬೆರಳಿನಿಂದ ತೋರುಬೆರಳಿನ ಗೆಣ್ಣನ್ನು ಉಜ್ಜುತ್ತಾ ಕೂತ.

ಸರ್ವಮಂಗಳ ಬಾಗಿಲಲ್ಲಿ ನಿಂತು ಆ ಬೆರಳನ್ನೇ ನೋಡಿದಳು. ಅವ್ವ ಹೀಗೇ ಉಜ್ಜುತ್ತಿದ್ದಳು.

ಕಂಠಪ್ಪ ಹುಟ್ಟಿದ ವರ್ಷದ ಮಾತು ಅದು. ಬಾಣಂತನದ ಮೂರನೇ ತಿಂಗಳಲ್ಲಿ ಅವ್ವ ಕೂಸನ್ನು ಕೆಳಗಿಟ್ಟು, ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತವಳು ಮಳೆಗಾಲ ಪೂರ್ತಿ ಏಳಲಿಲ್ಲ. ಗಾಳಿ ಸೋಕಿದೆ ಎಂದರು ಜನ. ಎಂಟು ವರ್ಷದ ಸರ್ವಮಂಗಳ ಕೂಸನ್ನು ಸೊಂಟದ ಮೇಲೆ ಹೊತ್ತು, ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿ, ಹಾಲೂಡಿಸೆಂದು ಪಕ್ಕದ ಮನೆಯ ಬಾಣಂತಿಯನ್ನು ಬೇಡಿ ಸಾಕಿದಳು. ದೀಪಾವಳಿ ಮುಗಿದ ಒಂದು ಬೆಳಗ್ಗೆ ಅವ್ವ ಎದ್ದು ಒಲೆ ಹಚ್ಚಿದಳು, ಏನೂ ಆಗಿಯೇ ಇಲ್ಲ ಎಂಬಂತೆ. ಅದಾದ ಮೇಲೆ ಇನ್ನೂ ಎರಡು ಸಲ ಆ ಮಂಕು ಬಂದು ಹೋಯಿತು. ಮನೆಯಲ್ಲಿ ಯಾರೂ ಅದಕ್ಕೊಂದು ಹೆಸರಿಡಲಿಲ್ಲ. "ಒರಗೆಲ್ಲೂ ಆಡ್ಬ್ಯಾಡ" ಎಂದು ಅಪ್ಪ ಒಂದೇ ಸಲ ಹೇಳಿದ್ದ. ಅವ್ವ ಸತ್ತು ಇಪ್ಪತ್ತು ವರ್ಷವಾಗಿದ್ದರೂ ಸರ್ವಮಂಗಳ ಆ ಮಾತು ಮೀರಿರಲಿಲ್ಲ. ಈಗಲೂ ಮೀರಲಿಲ್ಲ. ಸವಿತಾಳ ಬೆನ್ನು ಸವರಿ, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಬಸ್ಸು ಹತ್ತಿದಳು. ಆಮೇಲೆ ಬಹಳ ದಿನ ಆ ಬಸ್ಸು ಹತ್ತಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ಹದಿನೈದು ದಿನದ ಮೇಲೆ, ಮಧ್ಯಾಹ್ನ, ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಚೆಲುವಯ್ಯ ಅಂಗನವಾಡಿಯ ಮುಂದೆ ಗಾಡಿ ನಿಲ್ಲಿಸಿದ. ಮುಖದಲ್ಲಿ ಸಂತೋಷವೂ ಇತ್ತು, ಸಂಕೋಚವೂ ಇತ್ತು.

"ಅಕ್ಕ, ನೆನ್ನೆ ಕಂಠಪ್ಪನ ಮನೆಗೋಗಿದ್ದೆ. ಬಾಳ ವಾಸಿ ಕಣಕ್ಕ. ಅವನಾಗೇ ಮಾತಾಡ್ದ. ಮುಖಾನೂ ತಿಳಿಯಾಗಿತ್ತು." ಸೊಂಟದಿಂದ ಕಟಿಂಗ್ ಪ್ಲೇಯರ್ ತೆಗೆದು ತೋರಿಸಿದ. ಹಿಡಿಯ ಕೆಂಪು ರಬ್ಬರು ಸವೆದಿತ್ತು. "ಇದ್ನ ನಂಗೆ ಕೊಟ್ಬುಟ್ಟ. ಕಂಬ ಅತ್ತೋ ಬೆಲ್ಟೂ ಕೊಟ್ಟ. ಬ್ಯಾಡ ಕಣ್ಲಾ ಅಂದ್ರೂ ಕೇಳ್ನಿಲ್ಲ. ಇಟ್ಕೊ, ನಂಗಿನ್ನು ಬೇಕಾಗಕಿಲ್ಲ ಅಂದ. ರಾಮನಾಥಪುರದ ತಾವ ಇರೋ ಹಳೇ ಗೆಣೆಕಾರನ್ನೂ ನೋಡ್ಕಂಡ್ ಬರ್ಬೇಕು ಅಂತಿದ್ದ."

ಸರ್ವಮಂಗಳನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಅವಳ ಸೋದರಮಾವ ಪುಟ್ಟಮಾದಪ್ಪನೂ ಹೀಗೇ ಬಂದಿದ್ದ. ಆಗ ಅವಳಿಗೆ ಹದಿನಾಲ್ಕು, ಕಂಠಪ್ಪನಿಗೆ ಆರು. ತಿಂಗಳುಗಟ್ಟಲೆ ಮಂಕಾಗಿದ್ದ ಮಾವ ಒಂದು ದಿನ ಇದ್ದಕ್ಕಿದ್ದಂತೆ ಗೆಲುವಾಗಿ, ಒಬ್ಬೊಬ್ಬ ಅಕ್ಕತಂಗಿಯ ಮನೆಗೂ ಹೋಗಿ ಮಾತಾಡಿಸಿಕೊಂಡು ಬಂದ. ಇವರ ಮನೆಗೆ ಬಂದಾಗ ತನ್ನ ಜೇಬಿನ ಪೆನ್ನನ್ನು ಸೋದರಸೊಸೆಗೆ ಕೊಟ್ಟು, ಚೆನ್ನಾಗಿ ಓದವ್ವಾ ಎಂದ. ನಾಲ್ಕನೇ ದಿನಕ್ಕೆ ಹೊಳೆಯಿಂದ ಸುದ್ದಿ ಬಂತು. ಎತ್ತು ತೊಳೆಯುವಾಗ ಕಾಲು ಜಾರಿತು ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಅವತ್ತು ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವೆಂದು ಸರ್ವಮಂಗಳ ಮಾತ್ರ ಕೇಳಿಸಿಕೊಂಡಿದ್ದಳು. ಮಾವ ತಾನಾಗಿಯೇ ನೀರಿಗೆ ಇಳಿದಿದ್ದ.

ಸೌಟನ್ನು ಆಯಾ ಮಲ್ಲಿಯ ಕೈಗೆ ಕೊಟ್ಟು, "ಮಕ್ಕಳ ನೋಡ್ಕಳವ್ವ" ಎಂದಷ್ಟೇ ಹೇಳಿ, ಚೆಲುವಯ್ಯನ ಗಾಡಿಯ ಹಿಂದೆ ಕೂತಳು. ಐವತ್ಮೂರು ವರ್ಷದ ಟೀಚರಮ್ಮ ಗಾಡಿಯ ಮೇಲೆ ಕೂತು ಹೋಗಿದ್ದನ್ನು ಊರು ಅದೇ ಮೊದಲು ನೋಡಿದ್ದು.

ಮನೆಯಲ್ಲಿ ಕಂಠಪ್ಪ ಒಬ್ಬನೇ ಇದ್ದ. ಗಡ್ಡ ಬೋಳಿಸಿಕೊಂಡಿದ್ದ, ಒಗೆದ ಅಂಗಿ ಹಾಕಿದ್ದ. ಅಕ್ಕನನ್ನು ಕಂಡು, "ಈಗೆಂಗ್ ಬಂದೆ? ಊಟ ಆಯ್ತಾ?" ಎಂದ. ಅಷ್ಟು ಸರಾಗವಾಗಿ ಕೇಳಿದ್ದೇ ಅವಳಿಗೆ ಭಯ ತಂದಿತು. ಚೆಲುವಯ್ಯನನ್ನು ಜಗಲಿಯ ಮೇಲೆ ಕೂರಿಸಿ, ಒಳಗೆ ಬಂದು ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಬಾಯಿಗೆ ಬಂದದ್ದು ಮಾತ್ರ ನೇರವಾಗಿಯೇ ಬಂತು.

"ಕಂಠ, ಸತ್ತೋಗ್ಬೇಕು ಅನ್ನುಸ್ತದಾ?"

ಅವನು ಗೋಡೆಯನ್ನು ನೋಡಿದ. ಲಕ್ವ ಹೊಡೆದ ದಿನದಿಂದ ಒಂದು ಹನಿ ಕಣ್ಣೀರು ಹಾಕದವನು ಅಕ್ಕನ ಮಡಿಲಿಗೆ ತಲೆ ಹಾಕಿ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

"ಯಾವುದೂ ಬ್ಯಾಡ ಅನ್ನುಸ್ತದೆ ಕಣಕ್ಕ. ರಾಣಿ ಮಾತಾಡುದ್ರೆ ದೂರದಲ್ಲೆಲ್ಲೋ ಮಾತಾಡ್ದಂಗೆ ಕೇಳ್ತದೆ. ಎದ್ದೇಳು ಅಂತಾರೆ. ಏಳಕ್ಕೆ ನಾನೆಲ್ಲಿವ್ನಿ? ನಾನಿದ್ರೆ ಇವ್ರಿಗೆಲ್ಲ ಭಾರ. ಸೋಂಬೇರಿ ಆಗ್ಬುಟ್ಟೆ, ನಂದೇ ತಪ್ಪು."

"ನಿಂದಲ್ಲ ಕಣಪ್ಪ ತಪ್ಪು" ಎಂದಳು ಸರ್ವಮಂಗಳ. ಅವ್ವ ಗೋಡೆ ನೋಡುತ್ತಾ ಕೂತ ಮಳೆಗಾಲವನ್ನೂ ಮಾವ ಹೊಳೆಗೆ ಹೋದ ಕತೆಯನ್ನೂ ಒಂದೂ ಬಿಡದೆ ಹೇಳಿದಳು. ನಲವತ್ತು ವರ್ಷ ಒಳಗೇ ಇದ್ದ ಮಾತು.

ಕಂಠಪ್ಪ ಎದ್ದು ಕೂತು ಕೇಳಿದ. "ಮಾವ ಕಾಲು ಜಾರ್ನಿಲ್ವಾ?" ಎಂದ. ಆಮೇಲೆ, "ಇಂಗೆ ನಂಗೊಬ್ನಿಗೇ ಆಗದೆ ಅನ್ಕಂಡಿದ್ದೆ" ಎಂದ.

ಅವತ್ತಿನಿಂದ ಸರ್ವಮಂಗಳ ಆ ಮನೆಯಲ್ಲೇ ಉಳಿದಳು. ತಮ್ಮನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಅವಳು ನೀರು ಹಿಡಿಯಲು ಹೋದರೆ ಚೆಲುವಯ್ಯ ಇರುವನು, ಚೆಲುವಯ್ಯ ಡ್ಯೂಟಿಗೆ ಹೋದರೆ ರಾಣಿ. ಆದರೆ ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣವೆಂದರೆ ಸವಿತಾ ಬಾಗಿಲಿಗೆ ಅಡ್ಡ ನಿಂತಳು. "ಉಚ್ಚು ಅಂತ ಹೆಸರು ಬಂದ್ರೆ ನಾಳೆ ರಾಣೀನ ಯಾರಕ್ಕ ತಗಂಡೋಗ್ತಾರೆ? ಆಫೀಸ್ನೋರು ಕೆಲಸದಲ್ಲಿ ಇಟ್ಕಂಡಾರಾ?"

"ಮೊದ್ಲು ಗಂಡ ಉಳೀಲಿ ತಾಯಿ" ಎಂದಳು ಸರ್ವಮಂಗಳ. ಅವಳ ದನಿ ಕೇಳಿ ಸವಿತಾ ದಾರಿ ಬಿಟ್ಟಳು.

ಮೈಸೂರಿನ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಕಂಠಪ್ಪನನ್ನು ಒಬ್ಬನನ್ನೇ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿಸಿದರು. ಆಮೇಲೆ ಹೆಂಗಸರಿಬ್ಬರನ್ನೂ ಒಳಗೆ ಕರೆದು, "ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ?" ಎಂದು ಕೇಳಿದರು.

"ಇಲ್ಲ" ಎಂದಳು ಸವಿತಾ ತಟ್ಟನೆ.

"ಆಗಿತ್ತು" ಎಂದಳು ಸರ್ವಮಂಗಳ.

ಅವಳು ಹೇಳಿ ಮುಗಿಸುವವರೆಗೆ ಸವಿತಾ ಬೆರಗಾಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ, ಡಾಕ್ಟರ ಮುಂದೆಯೇ, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಗಂಡನ ಅಕ್ಕನಿಗೆ ಎದುರಾಡದವಳು ಕೇಳಿದಳು: "ಗೊತ್ತಿದ್ದೂ ಮದ್ವೆಗೆ ಮುಂಚೆ ಯಾಕ್ ಹೇಳ್ನಿಲ್ಲ? ನಮ್ಮಪ್ಪ ನಿಮ್ಮ ಮನೆ ಬಾಗ್ಲಿಗೆ ಬಂದಿದ್ರಲ್ಲ, ಆಗ ಹೇಳ್ಬೋದಾಗಿತ್ತಲ್ವಾ ಅಕ್ಕ?"

ಡಾಕ್ಟರು ಸವಿತಾಳ ಕಡೆ ನೀರಿನ ಲೋಟ ಸರಿಸಿದರು. "ಲಕ್ವ ಹೊಡೆದ ಮೂವರಲ್ಲಿ ಒಬ್ಬರಿಗೆ ಈ ಖಿನ್ನತೆ ಬರುತ್ತೆ. ಮೆದುಳಿಗೇ ಪೆಟ್ಟು ಬಿದ್ದಿರುತ್ತಲ್ಲ, ಜೊತೆಗೆ ಬದುಕೂ ತಲೆಕೆಳಗಾಗಿರುತ್ತೆ. ಇದು ಸೋಮಾರಿತನ ಅಲ್ಲ, ಕಾಯಿಲೆ" ಎಂದರು.

"ಮತ್ತೆ ಸಿದ್ದಮಲ್ಲಪ್ಪೋರಿಗೆ ಯಾಕಾಗ್ನಿಲ್ಲ? ಅವ್ರಿಗೆ ಇವ್ರಿಗಿಂತ ಜಾಸ್ತಿ ಒಡ್ದಿತ್ತು" ಎಂದಳು ಸವಿತಾ.

"ಪೆಟ್ಟು ಮೆದುಳಿನ ಯಾವ ಜಾಗಕ್ಕೆ ಬಿತ್ತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇನ್ನೊಂದು ಪಾಲು ಹುಟ್ಟಿನಿಂದಲೇ ಬಂದಿರುತ್ತೆ. ಸಕ್ಕರೆ ಕಾಯಿಲೆ, ಬೀಪಿ ಮನೆತನದಲ್ಲಿ ಇಳಿದು ಬರೋದಿಲ್ವಾ? ಹಾಗೇ. ತಾಯಿಯ ಕಡೆಯಿಂದ ನಿಮ್ಮ ಯಜಮಾನರಿಗೆ ಇದು ಬೇಗ ಹತ್ತಿಕೊಳ್ಳೋ ಗುಣ ಬಂದಿರಬಹುದು. ಪೆಟ್ಟು ಬಿದ್ದಾಗ ಅದು ಮೇಲೆದ್ದಿದೆ. ಬಂದಿರಬಹುದು ಅಂದೆ, ಖಂಡಿತ ಅನ್ನಲಿಲ್ಲ. ಯಾವ ಅಂಶ, ಎಷ್ಟು ಪಾಲು ಅಂತ ದೊಡ್ಡ ದೊಡ್ಡ ಕಡೆ ಇನ್ನೂ ಹುಡುಕ್ತಿದ್ದಾರೆ. ನಮಗೂ ಪೂರ್ತಿ ಗೊತ್ತಿಲ್ಲ."

"ರಕ್ತ ನೋಡುದ್ರೆ ಗೊತ್ತಾಗಕಿಲ್ವಾ? ನನ್ನ ಮಗಳಿಗೆ ಬತ್ತದಾ ಅಂತ?"

"ಅಂಥ ಪರೀಕ್ಷೆ ಇಲ್ಲಮ್ಮ. ಬರಲೇಬೇಕು ಅಂತಲೂ ಇಲ್ಲ. ನೋಡಿ, ನಿಮ್ಮ ಯಜಮಾನರ ಅಕ್ಕನೂ ಅದೇ ತಾಯಿಯ ಮಗಳು, ಅವರು ಚೆನ್ನಾಗೇ ಇದ್ದಾರೆ. ಗೊತ್ತಿದ್ದರೆ ಬೇಗ ಗುರುತು ಹಿಡಿಯಬಹುದು, ಅಷ್ಟೇ. ಈಗ ಇವರು ಹಿಡಿದರಲ್ಲ, ಹಾಗೆ." ಆಮೇಲೆ ಸರ್ವಮಂಗಳನ ಕಡೆ ತಿರುಗಿ, "ನಿಮ್ಮ ತಾಯಿಯ ಕಡೆ ಇನ್ನೂ ಯಾರಾದರೂ ಬದುಕಿದ್ದರೆ ವಿಚಾರಿಸಿ. ಅವರಲ್ಲಿ ಯಾರಿಗಾದರೂ ಔಷಧಿ ಕೊಟ್ಟಿದ್ದರೆ, ಯಾವುದು ಹಿಡಿಸಿತು ಅನ್ನೋದು ಕೆಲವು ಸಲ ನಮಗೆ ಉಪಯೋಗಕ್ಕೆ ಬರುತ್ತೆ" ಎಂದರು.

ಬದುಕಿದ್ದವಳು ಒಬ್ಬಳೇ, ಅವ್ವನ ತಂಗಿ ದೇವೀರಮ್ಮ. ಎಪ್ಪತ್ತರ ಮುದುಕಿ, ಕೆ.ಆರ್. ನಗರದಲ್ಲಿ ಮಗನ ಅಕ್ಕಿ ಗಿರಣಿಯ ಹಿಂದಿನ ಮನೆಯಲ್ಲಿದ್ದಳು. ಸರ್ವಮಂಗಳ ಹೋದಾಗ ಭತ್ತ ಬೇಯಿಸುವ ವಾಸನೆ ಬೀದಿ ತುಂಬಿತ್ತು. ಚಿಕ್ಕವ್ವ ಕಾಫಿ ಕೊಟ್ಟು, ಕ್ಷೇಮ ಸಮಾಚಾರ ಕೇಳಿದಳು. ಪುಟ್ಟಮಾದಪ್ಪ ಮಾವನ ಹೆಸರೆತ್ತಿದ ಕೂಡಲೇ ಮುಖ ಬಿಗಿಯಿತು.

"ಎತ್ತು ತೊಳ್ಯಕ್ಕೋಗಿ ಕಾಲು ಜಾರ್ತು. ಅದ್ನೆಲ್ಲ ಈಗ್ಯಾಕೆ ಕೆದಕ್ತೀಯ ಮಗ?"

"ಎತ್ತು ಕೊಟ್ಟಿಗೇಲಿದ್ದೋ, ಚಿಕ್ಕವ್ವ."

ಸರ್ವಮಂಗಳ ಕಂಠಪ್ಪನ ವಿಷಯ ಹೇಳಿದಳು. ಮಡಿಲಲ್ಲಿ ತಲೆಯಿಟ್ಟು ಅತ್ತದ್ದನ್ನೂ ಹೇಳಿದಳು. ಅವನಿಗೂ ಅದೇ ಆಗಿಬಿಟ್ಟರೆ ನಾವಿಬ್ಬರೂ ಗೊತ್ತಿದ್ದೂ ಸುಮ್ಮನಿದ್ದ ಹಾಗಾಗುತ್ತದೆ ಎಂದಳು. ದೇವೀರಮ್ಮ ಮೆಲ್ಲಗೆ ಎದ್ದು, ಬಾಗಿಲಾಚೆ ಸೊಸೆ ಇದ್ದಾಳೇನೋ ಎಂದು ಇಣುಕಿ ನೋಡಿ, ದೇವರ ಗೂಡಿನ ಪಕ್ಕದಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಒಳಗೆ ಬೀಪಿ ಮಾತ್ರೆಯ ಎರಡು ಹಾಳೆ. ಅದರ ಕೆಳಗೆ ಬೇರೆ ಬಣ್ಣದ ಇನ್ನೊಂದು ಹಾಳೆ.

"ಎಂಟು ವರ್ಸ ಆಯ್ತು ಇದ್ನ ನುಂಗ್ತಾ" ಎಂದಳು ಚಿಕ್ಕವ್ವ ದನಿ ತಗ್ಗಿಸಿ. "ನಿನ್ ಚಿಕ್ಕಪ್ಪ ಸತ್ ವರ್ಸ ನಂಗೂ ಬಂತು ಮಗ. ಅಕ್ಕನ್ ತರಾನೇ, ಅಣ್ಣನ್ ತರಾನೇ. ಇನ್ನು ನನ್ನೂ ಹೊಳೇನೇ ಕರೀತದೆ ಅಂತ ಹೆದ್ರುಕಂಡು, ಕಣ್ಣು ತೋರ್ಸ್ಕಬತ್ತೀನಿ ಅಂತ ಸುಳ್ಳೇಳಿ ಮೈಸೂರ್ಗೋಗಿ ಡಾಕ್ಟರ್ನ ಕಂಡೆ. ಮನೇಲಿ ಎಲ್ರೂ ಇದೂ ಬೀಪಿ ಮಾತ್ರೆ ಅಂತ್ಲೇ ತಿಳ್ಕಂಡವ್ರೆ."

"ವಾಸಿಯಾಯ್ತಾ ಚಿಕ್ಕವ್ವ?"

"ನೋಡು, ಇಲ್ವಾ ನಾನು? ಮೊಮ್ಮಕ್ಳ ಬೈಕಂಡು, ಸೊಸೆ ಜತೆ ಜಗಳ ಆಡ್ಕಂಡು?" ಎಂದು ದೇವೀರಮ್ಮ ನಕ್ಕಳು. ಆಮೇಲೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ನನ್ನಣ್ಣನ ಕಾಲ್ದಲ್ಲಿ ಇದಿರ್ನಿಲ್ಲ."

ತಾನು ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆಂದುಕೊಂಡ ಭಾರವನ್ನು ಈ ಮುದುಕಿ ಇಲ್ಲಿ, ಮೂವತ್ತು ಮೈಲಿ ದೂರದಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಬದುಕಿದ್ದಳು. ಒಂದು ಮಾತು ಆಡಿಕೊಂಡಿದ್ದರೆ ಇಬ್ಬರಿಗೂ ಎಷ್ಟು ಹಗುರವಾಗುತ್ತಿತ್ತು ಎಂದು ಸರ್ವಮಂಗಳನಿಗೆ ಅನ್ನಿಸಿತು. ಮಾತ್ರೆಯ ಹೆಸರನ್ನು ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದುಕೊಂಡಳು.

ಡಾಕ್ಟರು ಆ ಹೆಸರು ನೋಡಿ ತಲೆಯಾಡಿಸಿದರು. ಅದೇ ಮಾತ್ರೆಯನ್ನು ಲಕ್ವ ಹೊಡೆದವನಿಗೆ ಕೊಡುವುದು ಕ್ಷೇಮವಲ್ಲ, ಅದರದೇ ಬಳಗದ ಇನ್ನೊಂದನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡೋಣ ಎಂದರು. ಬೀಪಿಯ ಮಾತ್ರೆ ಒಂದು ದಿನವೂ ತಪ್ಪಬಾರದು. ಬೆಳಗ್ಗೆ ಮನೆಯವರು ಯಾರಾದರೂ ಜೊತೆಗಿದ್ದು ಅರ್ಧ ಗಂಟೆ ನಡೆಸಬೇಕು. ವಾರಕ್ಕೊಮ್ಮೆ ಬಂದು ಮಾತಾಡಿಕೊಂಡು ಹೋಗಬೇಕು. "ಮೂರು ನಾಲ್ಕು ವಾರ ಏನೂ ಕಾಣಲ್ಲ. ಬಿಟ್ಟುಬಿಡಬೇಡಿ" ಎಂದು ಎಚ್ಚರಿಸಿದರು.

ಏನೂ ಕಾಣಲಿಲ್ಲ. ಮೂರು ವಾರ, ನಾಲ್ಕು ವಾರ. ಕಂಠಪ್ಪನ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಸವಿತಾ ಗೊಣಗುವುದು. ಐದನೇ ವಾರದ ಒಂದು ಮಧ್ಯಾಹ್ನ ಅವನು ಹುರುಳಿ ಸಾರು ಬಾಯಿಗಿಟ್ಟು, "ಉಪ್ಪು ಕಮ್ಮಿ ಆಗದೆ" ಎಂದ. ಸವಿತಾ ಉಪ್ಪಿನ ಡಬ್ಬಿ ತರಲು ಎದ್ದವಳು ಅಡುಗೆಮನೆಯಲ್ಲಿ ನಿಂತು ಅತ್ತಳು. ಎಂಟು ತಿಂಗಳಲ್ಲಿ ಅವನ ನಾಲಿಗೆಗೆ ರುಚಿ ತಿಳಿದದ್ದು ಅದೇ ಮೊದಲು.

ಏರಿಳಿತ ಬಹಳವಿತ್ತು. ನಾಲ್ಕು ದಿನ ಗೆಲುವಾಗಿದ್ದು ಐದನೇ ದಿನ ಮತ್ತೆ ಗೋಡೆ ಹಿಡಿಯುವನು. ಆದರೂ ಮುಂದಿನ ಯುಗಾದಿಗೆ ಕೆಲಸಕ್ಕೆ ಹೋದ. ಕಂಬ ಹತ್ತುವುದು ಬೇಡವೆಂದು ಆಫೀಸಿನವರು ದೂರು ಬರೆದುಕೊಳ್ಳುವ ಫೋನಿನ ಮುಂದೆ ಕೂರಿಸಿದರು. ಅದು ಅವನಿಗೆ ಹೇಳಿ ಮಾಡಿಸಿದ ಜಾಗ. ಕರೆಂಟು ಹೋಯಿತೆಂದು ಫೋನು ಮಾಡಿದವರಿಗೆ ಮೊದಲು ಮನೆಯ ಯೋಗಕ್ಷೇಮ, ಆಮೇಲೆ ಲೈನಿನ ವಿಚಾರ. ಚೆಲುವಯ್ಯ ಕಟಿಂಗ್ ಪ್ಲೇಯರ್ ವಾಪಸು ತಂದರೆ, "ನೀನೇ ಇಟ್ಕಳ್ಲಾ, ನಂಗೆ ಈಗ ಪೆನ್ನು ಸಾಕು" ಎಂದ.

ಸವಿತಾ ಮಾತ್ರ ಸರ್ವಮಂಗಳನನ್ನು ಕ್ಷಮಿಸಲಿಲ್ಲ. ಬಂದರೆ ಊಟಕ್ಕಿಡುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಅಷ್ಟೇ. ತಾನಾಗಿ ಒಂದು ಮಾತೂ ಇಲ್ಲ. ಸರ್ವಮಂಗಳ ಅದನ್ನು ಸಹಿಸಿಕೊಂಡಳು. ಆ ಹೆಂಗಸಿನ ಸಿಟ್ಟಿನಲ್ಲಿ ನ್ಯಾಯವಿದೆ ಎಂದು ಅವಳಿಗೆ ಗೊತ್ತಿತ್ತು. ತನ್ನ ಬಗ್ಗೆಯೂ ಅವಳಿಗೆ ಒಳಗೊಳಗೆ ಅಂಜಿಕೆಯಿತ್ತು. ಮುಂಗಾರು ಮೋಡ ಕವಿದ ದಿನ ಮನಸ್ಸು ಸ್ವಲ್ಪ ಭಾರವಾದರೂ, ಬಂತೇನೋ ಎಂದು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಬರಲಿಲ್ಲ. ಊರಿನ ಬಾಣಂತಿಯರ ಮನೆಗೆ ಹೋದಾಗ ಈಗ ಕೂಸಿನ ತೂಕದ ಜೊತೆ ಇನ್ನೂ ಒಂದು ಪ್ರಶ್ನೆ ಕೇಳುತ್ತಿದ್ದಳು: "ನಿನ್ ಮನಸ್ಸೆಂಗದೆ ಮಗ? ಅಳು ಗಿಳು ಬತ್ತದಾ?"

ಎರಡು ಸಾವಿರದ ಮೂರರಲ್ಲಿ ಕಂಠಪ್ಪ ಡಾಕ್ಟರು ಹೇಳಿದಂತೆ ಮನಸ್ಸಿನ ಮಾತ್ರೆ ನಿಲ್ಲಿಸಿ ವರ್ಷವಾಗಿತ್ತು. ಒಂದು ಬೆಳಗ್ಗೆ ಆಫೀಸಿನಿಂದ ಅಕ್ಕನ ಮನೆಗೆ ಫೋನು ಮಾಡಿದ. "ಅಕ್ಕ, ಶುರುವಾಗದೆ ಅನ್ನುಸ್ತದೆ ಕಣಕ್ಕ. ನಾಕ್ ದಿನದಿಂದ ಅನ್ನ ಸೇರ್ತಿಲ್ಲ. ಇವತ್ತೇ ಮೈಸೂರ್ಗೋಗಿ ಬತ್ತೀನಿ. ಸವಿತಾನೂ ಬತ್ತಾವ್ಳೆ." ಅವತ್ತು ಸರ್ವಮಂಗಳ ಹೋಗಬೇಕಾಗಿಯೇ ಬರಲಿಲ್ಲ. ಆ ಸಲ ಎರಡು ತಿಂಗಳಿಗೇ ಚೇತರಿಸಿಕೊಂಡ.

ಮರುವರ್ಷ ರಾಣಿಯ ಮದುವೆಯಾಯಿತು. ಹುಡುಗ ಹುಣಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮಾತುಕತೆಯ ದಿನ ಕಂಠಪ್ಪ ತನ್ನ ಲಕ್ವದ ಬಗ್ಗೆಯೂ ಮಂಕಿನ ಬಗ್ಗೆಯೂ ತಾನೇ ಹೇಳಿದ. ಅದಕ್ಕೂ ಮೊದಲು ಒಂದು ಸಂಬಂಧ ಅದೇ ಮಾತಿಗೆ ತಪ್ಪಿಹೋಗಿತ್ತು. ಈ ಮನೆಯವರು ಒಳಗೆ ಹೋಗಿ ಬಹಳ ಹೊತ್ತು ಮಾತಾಡಿಕೊಂಡರು. ಆಮೇಲೆ ಬಂದು ಒಪ್ಪಿದೆವು ಎಂದರು.

ಎರಡು ಸಾವಿರದ ಆರರಲ್ಲಿ, ಸರ್ವಮಂಗಳ ಅಂಗನವಾಡಿಯಿಂದ ನಿವೃತ್ತಳಾದ ತಿಂಗಳು, ಏಳು ತಿಂಗಳ ಬಸುರಿ ರಾಣಿ ತವರಿಗೆ ಬಂದಿದ್ದಳು. ಸೋದರತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅತ್ತೆ, ಅಜ್ಜಿ ವಿಷಯ ಎಲ್ಲಾ ಹೇಳಿ. ನಮ್ಮ ಲೇಡಿ ಡಾಕ್ಟ್ರಿಗೆ ಮೊದ್ಲೇ ತಿಳಿಸ್ಬೇಕು. ಬಾಣಂತನದಲ್ಲಿ ನಂಗೇನಾದ್ರೂ ಆದ್ರೆ ಅವ್ರಿಗೆ ಗೊತ್ತಿರ್ಲಿ" ಎಂದಳು.

ಸರ್ವಮಂಗಳ ಸವಿತಾಳ ಕಡೆ ನೋಡಿದಳು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ಎದ್ದು ಹೋಗುತ್ತಾಳೆ ಎಂದುಕೊಂಡಳು. ಸವಿತಾ ಏಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಇನ್ನೂ ಸ್ವಲ್ಪ ಹತ್ತಿರ ಸರಿದು ಕೂತಳು.

"ಹೇಳಿ ಅಕ್ಕ" ಎಂದಳು. "ಮೊದ್ಲಿಂದ ಹೇಳಿ. ಅವತ್ತು ಡಾಕ್ಟರ ಮುಂದೆ ಸಿಟ್ಟಲ್ಲಿ ನಂಗೆ ಅರ್ಧ ಕೇಳುಸ್ನಿಲ್ಲ."